ಗುಡ್ಡ ಹತ್ತುವವರ ಹಲ್ಲು: ಹೊರಡುವ ಮೊದಲು, ಹಾದಿಯ ನಡುವೆ

ರಾಣಿಪುರಂನ ಹುಲ್ಲುಗುಡ್ಡವನ್ನು ಬೆಳಿಗ್ಗೆ ಹತ್ತಿ ಮಧ್ಯಾಹ್ನ ಇಳಿಯುವವರಿಗೆ ಹಲ್ಲುನೋವು ದೊಡ್ಡ ಸಂಗತಿಯಲ್ಲ. ಕೆಳಗಿಳಿದು ಕಾಞಂಗಾಡ್ ಸೇರಿದರೆ ದಂತವೈದ್ಯರು ಸಿಕ್ಕುತ್ತಾರೆ. ಪೊಸಡಿಗುಂಪೆಗೆ ಹೋಗುವವರಿಗಂತೂ ಪೇಟೆ ಇನ್ನೂ ಹತ್ತಿರ. ಆದರೆ ಕಾಸರಗೋಡಿನ ಹುಡುಗರು ಈಗ ಅಷ್ಟಕ್ಕೇ ನಿಲ್ಲುವುದಿಲ್ಲ. ಅಗಸ್ತ್ಯಾರ್‌ಕೂಡಂ ಎಂದರೆ ಮೂರು ದಿನದ ನಡಿಗೆ, ಹಿಮಾಲಯ ಎಂದರೆ ಆರೇಳು ದಿನ. ಅಲ್ಲಿ ಒಬ್ಬರ ಒಂದು ದವಡೆ ಹಲ್ಲು ಎದ್ದು ಕೂತರೆ ಹತ್ತು ಜನರ ತಂಡವೇ ನಿಲ್ಲಬೇಕಾಗುತ್ತದೆ. ರಾತ್ರಿ ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚಿ ನೋವು ಇಮ್ಮಡಿಯಾಗುತ್ತದೆ. ನಿದ್ದೆಯಿಲ್ಲದೆ, ಅಗಿಯಲಾಗದೆ, ಹೊಟ್ಟೆಗೆ ಸರಿಯಾಗಿ ಬೀಳದೆ ಮರುದಿನ ಹೊರೆ ಹೊತ್ತು ನಡೆಯುವವನು ಕಾಲು ತಪ್ಪಿ ಬೀಳುವ ಅಪಾಯವೂ ಇದೆ.

ಬೆಟ್ಟದಲ್ಲಿ ಏಳುವ ಹೆಚ್ಚಿನ ಹಲ್ಲುನೋವು ಮನೆಯಿಂದಲೇ ಹೊತ್ತುಕೊಂಡು ಹೋದದ್ದು. ಹುಳುಕು ತಿಂಗಳುಗಟ್ಟಲೆ ಸದ್ದಿಲ್ಲದೆ ಒಳಗೆ ಇಳಿಯುತ್ತಿರುತ್ತದೆ. ಚಳಿ, ಗಟ್ಟಿ ತಿಂಡಿ, ಒಣಗಿದ ಬಾಯಿ, ಬಿಟ್ಟುಹೋದ ಬ್ರಶ್ ಸೇರಿ ಅದನ್ನು ಹೊರಗೆ ತರುತ್ತವೆ. ಆದ್ದರಿಂದ ಕೆಲಸದ ಮುಕ್ಕಾಲು ಪಾಲು ಹೊರಡುವ ಮೊದಲೇ ಇರುವುದು. ಹಾದಿಯಲ್ಲಿ ಕೈಯಲ್ಲಿರುವುದು ಮೂರೇ: ತೆರೆದದ್ದನ್ನು ಮುಚ್ಚುವುದು, ನೋವು ತಗ್ಗಿಸುವುದು, ಇಳಿಯಬೇಕಾದ ಹೊತ್ತನ್ನು ಗುರುತಿಸುವುದು.

ಎಂಟು ವಾರ ಮೊದಲು

ಹೊರಡುವ ಎಂಟು ವಾರ ಮೊದಲೇ ದಂತವೈದ್ಯರನ್ನು ಕಾಣಬೇಕು ಎಂದರೆ ಜಾಸ್ತಿಯಾಯಿತು ಎನಿಸಬಹುದು. ಲೆಕ್ಕ ಹಾಕಿ ನೋಡಿ. ಸಾಮಾನ್ಯ ಫಿಲ್ಲಿಂಗ್ ಒಂದೇ ಸಲಕ್ಕೆ ಮುಗಿಯುತ್ತದೆ, ಆದರೆ ಆಳದ ಫಿಲ್ಲಿಂಗ್ ಮಾಡಿದ ಹಲ್ಲು ಎರಡು ಮೂರು ವಾರ ತಣ್ಣೀರಿಗೆ ಜುಮ್ಮೆನ್ನುತ್ತಿರುತ್ತದೆ. ರೂಟ್ ಕೆನಾಲ್‌ಗೆ, ಅಂದರೆ ಹಲ್ಲಿನೊಳಗಿನ ನರ ತೆಗೆದು ಬೇರಿನ ಟೊಳ್ಳು ತುಂಬಿಸುವುದಕ್ಕೆ, ಒಂದರಿಂದ ಮೂರು ಸಲ ಹೋಗಬೇಕು. ಅದರ ಮೇಲೆ ಕ್ಯಾಪ್ ಎಂದರೆ ಅಳತೆಗೆ ಒಮ್ಮೆ, ಕೂರಿಸಲು ಒಮ್ಮೆ, ನಡುವೆ ಲ್ಯಾಬಿನಲ್ಲಿ ಕೆಲವು ದಿನ. ಬುದ್ಧಿ ಹಲ್ಲು ಕೀಳಿಸಿದರೆ ವಸಡು ಕೂಡಿಕೊಳ್ಳಲು ಎರಡು ವಾರ ಬೇಕೇ ಬೇಕು. ಕಿತ್ತ ಜಾಗದ ರಕ್ತದ ಗಡ್ಡೆ ಕಳಚಿಹೋಗಿ ಎಲುಬು ತೆರೆದುಕೊಳ್ಳುವ ತೊಂದರೆ ಸಾಮಾನ್ಯವಾಗಿ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಬರುತ್ತದೆ, ಆ ನೋವು ಕಿವಿಯ ತನಕ ಹೊಡೆಯುತ್ತದೆ. ಹಲ್ಲಿನ ಕೊನೆಯ ಕೆಲಸ ಮುಗಿದು ಕನಿಷ್ಠ ಮೂರು ವಾರ ಕಳೆದ ಮೇಲೆಯೇ ಚೀಲ ಹೊರಬೇಕು. "ನಾಳಿದ್ದು ಹೊರಡುವುದು, ಇವತ್ತು ಕೀಳಿಸಿಬಿಡುವ" ಎನ್ನುವುದು ಎಲ್ಲಕ್ಕಿಂತ ಕೆಟ್ಟ ಲೆಕ್ಕ.

ಪೊಯಿನಾಚಿಯ ಸೆಂಚುರಿ ದಂತ ಕಾಲೇಜು, ಸುಳ್ಯದ ಕೆ.ವಿ.ಜಿ. ದಂತ ಕಾಲೇಜು, ಮಂಗಳೂರಿನ ಹಲವು ದಂತ ಕಾಲೇಜುಗಳು ನಮ್ಮ ಕಡೆಯವರಿಗೆ ಕೈಗೆಟಕುವ ದೂರದಲ್ಲಿವೆ. ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲೂ ದಂತ ವಿಭಾಗ ಇದೆ. ಕಾಲೇಜುಗಳಲ್ಲಿ ಖರ್ಚು ಕಡಿಮೆ. ಆದರೆ ವಿದ್ಯಾರ್ಥಿಗಳು ಮಾಡಿ, ಮೇಷ್ಟ್ರು ಪರೀಕ್ಷಿಸಿ, ಮತ್ತೆ ಬರಲು ಹೇಳಿ ಸುತ್ತು ಹೆಚ್ಚಾಗುತ್ತದೆ. ಅಲ್ಲಿಗೆ ಹೋಗುವವರು ಎಂಟು ವಾರಕ್ಕೆ ಇನ್ನೂ ಎರಡು ಸೇರಿಸಿ.

ಕುರ್ಚಿಯಲ್ಲಿ ಕೂತು "ಒಮ್ಮೆ ಕ್ಲೀನ್ ಮಾಡಿ" ಎಂದಷ್ಟೇ ಹೇಳಿದರೆ ಅಷ್ಟೇ ಆಗುತ್ತದೆ. ಇಂತಿಷ್ಟು ದಿನ ವೈದ್ಯರಿಲ್ಲದ ಜಾಗದಲ್ಲಿರುತ್ತೇನೆ ಎಂದು ಮೊದಲೇ ಹೇಳಿ. ಹಳೆಯ ದೊಡ್ಡ ಫಿಲ್ಲಿಂಗ್‌ಗಳನ್ನು ಕುಟ್ಟಿ, ತಣ್ಣಗಿನದು ತಾಗಿಸಿ ಪರೀಕ್ಷಿಸಲು ಕೇಳಿಕೊಳ್ಳಿ. ಹಲ್ಲು ಹಲ್ಲುಗಳ ಸಂದಿನ ಹುಳುಕು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಕಚ್ಚಿ ಹಿಡಿದು ತೆಗೆಯುವ ಚಿಕ್ಕ ಎಕ್ಸ್-ರೇ ಬೇಕು. ಬುದ್ಧಿ ಹಲ್ಲಿಗೆ ಇಡೀ ದವಡೆ ಕಾಣುವ ಓಪಿಜಿ ಎಕ್ಸ್-ರೇ. ರೂಟ್ ಕೆನಾಲ್ ಆಗಿ ಕ್ಯಾಪ್ ಹಾಕಿಸದೆ ಬಿಟ್ಟ ಹಲ್ಲು ಇದ್ದರೆ ಅದನ್ನು ಮರೆಯದೆ ತೋರಿಸಿ. ಒಳಗಿನ ತಿರುಳೂ ಸುತ್ತಲಿನ ಗೋಡೆಯೂ ಹೋಗಿ ಟೊಳ್ಳಾದ ಅಂಥ ಹಲ್ಲು ಒಂದು ಚಕ್ಕುಲಿ ಚೂರಿಗೆ ಉದ್ದಕ್ಕೆ ಸೀಳಿಬಿಡುತ್ತದೆ. ಬೇರಿನ ತನಕ ಸೀಳಿದರೆ ಕೀಳುವುದೊಂದೇ ದಾರಿ.

ವೈದ್ಯರಲ್ಲಿಗೆ ಹೋಗುವ ಮೊದಲು ಮನೆಯಲ್ಲೇ ಕೆಲವು ಪರೀಕ್ಷೆ ಮಾಡಿಕೊಳ್ಳಬಹುದು. ಫ್ರಿಜ್ಜಿನ ನೀರನ್ನು ಬಾಯಿಯ ಒಂದೊಂದೇ ಬದಿಯಲ್ಲಿ ಹಿಡಿದು ನೋಡಿ. ಎಲ್ಲಿ ಚುಳುಕ್ಕೆನ್ನುತ್ತದೆ, ಉಗುಳಿದ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ಬರೆದಿಡಿ. ಹಲ್ಲಿನ ಸಂದಿಗೆ ಹಾಕಿದ ಫ್ಲಾಸ್ ದಾರ ಪ್ರತಿ ಸಲವೂ ಒಂದೇ ಜಾಗದಲ್ಲಿ ಸಿಕ್ಕಿ ಎಳೆ ಬಿಚ್ಚಿಕೊಂಡರೆ ಅಲ್ಲಿ ಹುಳುಕೋ ಒಡೆದ ಫಿಲ್ಲಿಂಗೋ ಇದೆ. ಮುಖ್ಯವಾಗಿ ವಸಡಿನ ಮೇಲೆ ಬಂದು ಹೋಗುವ ಚಿಕ್ಕ ಗುಳ್ಳೆಯನ್ನು ಕನ್ನಡಿ ಹಿಡಿದು ಹುಡುಕಿ. ಅದು ನೋಯುವುದಿಲ್ಲ, ಆದ್ದರಿಂದಲೇ ಜನ ಬಿಟ್ಟುಬಿಡುತ್ತಾರೆ. ಬೇರಿನ ತುದಿಯ ಕೀವು ಹೊರಬರಲು ಮಾಡಿಕೊಂಡ ದಾರಿ ಅದು. ದಾರಿ ಮುಚ್ಚಿದ ದಿನ ಮುಖ ಊದುತ್ತದೆ.

ಎಲೆ ಅಡಿಕೆ ಹಾಕುವವರಿಗೆ ಇನ್ನೆರಡು ಮಾತು. ವರ್ಷಗಟ್ಟಲೆ ಚಾಲಿ ಅಡಿಕೆ ಜಗಿದ ದವಡೆ ಹಲ್ಲುಗಳು ಸವೆದಿರುತ್ತವೆ, ಕಣ್ಣಿಗೆ ಕಾಣದ ಬಿರುಕು ಬಿಟ್ಟಿರುತ್ತವೆ. ಬಿರುಕಿನ ಲಕ್ಷಣ ಬೇರೆಯೇ: ಕಚ್ಚುವಾಗಲ್ಲ, ಕಚ್ಚಿದ್ದನ್ನು ಬಿಡುವಾಗ ಫಕ್ಕನೆ ಇರಿದಂತಾಗುತ್ತದೆ. ಐಸ್‌ಕ್ರೀಂ ಕಡ್ಡಿಯನ್ನು ಹಲ್ಲಿನ ಒಂದೊಂದು ಮೂಲೆಗೆ ಇಟ್ಟು ಕಚ್ಚಿ ಬಿಟ್ಟು ನೋಡಿದರೆ ಯಾವ ಹಲ್ಲು ಎಂದು ತಿಳಿಯುತ್ತದೆ. ಇನ್ನೊಂದು, ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಾಗಿ ಜೋಡಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಲು ಆಗಬೇಕು. ಆಗದಿದ್ದರೆ ಅಡಿಕೆಯಿಂದ ಕೆನ್ನೆಯ ಒಳಪದರ ಗಟ್ಟಿಯಾಗಿದೆ ಎಂದು ಅನುಮಾನಿಸಬೇಕು; ಇದನ್ನು ಚಾರಣ ಇರಲಿ ಇಲ್ಲದಿರಲಿ ತಕ್ಷಣ ತೋರಿಸಬೇಕು.

ಅರ್ಧ ಹೊರಬಂದ ಬುದ್ಧಿ ಹಲ್ಲಿನ ಮೇಲೆ ವಸಡಿನ ಮಡಿಕೆ ಉಳಿದು, ಅದರೊಳಗೆ ಅನ್ನದ ಅಗುಳು ಸಿಕ್ಕಿ ಬಾವು ಬರುವುದುಂಟು. ಕಳೆದ ಒಂದು ವರ್ಷದಲ್ಲಿ ಎರಡು ಸಲ ಹಾಗೆ ಆಗಿದ್ದರೆ ಬೆಟ್ಟದಲ್ಲಿ ಮೂರನೇ ಸಲ ಆಗುತ್ತದೆ ಎಂದೇ ತಿಳಿದು ಮೊದಲೇ ನಿರ್ಧಾರ ಮಾಡಿ. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗಲು ಮಾತ್ರೆ ತಿನ್ನುವವರು, ಹೃದಯದ ಕವಾಟದ ಶಸ್ತ್ರಚಿಕಿತ್ಸೆ ಆದವರು ದಂತವೈದ್ಯರಿಗೂ ತಮ್ಮ ವೈದ್ಯರಿಗೂ ಇಬ್ಬರಿಗೂ ಹೇಳಿಯೇ ಹೊರಡಬೇಕು.

ಎತ್ತರದಿಂದಲೇ ಬರುವ ನೋವೂ ಒಂದಿದೆ. ಫಿಲ್ಲಿಂಗಿನ ಕೆಳಗೆ ಅಥವಾ ಹುಳುಕಿನೊಳಗೆ ಸಿಕ್ಕಿಬಿದ್ದ ಗಾಳಿ, ಹೊರಗಿನ ಒತ್ತಡ ತಗ್ಗಿದಾಗ ಹಿಗ್ಗಿ ನರವನ್ನು ಒತ್ತುತ್ತದೆ. ನಮ್ಮ ಘಟ್ಟದ ಎತ್ತರಕ್ಕೆ ಇದು ಅಪರೂಪ. ಹಿಮಾಲಯಕ್ಕೆ ಹೊರಟವರು ಗಮನಿಸಬೇಕು. ವಿಮಾನದ ಒಳಗಿನ ಒತ್ತಡ ಸುಮಾರು 1800ರಿಂದ 2400 ಮೀಟರ್ ಎತ್ತರಕ್ಕೆ ಸಮ. ವಿಮಾನ ಏರುವಾಗ ಹಲ್ಲು ನೊಂದರೆ ಅದೇ ಮುನ್ಸೂಚನೆ. ಹಾಗಾದರೆ ನಡಿಗೆ ಶುರುವಾಗುವ ಊರಿನಲ್ಲೇ ಹಲ್ಲನ್ನು ತೋರಿಸಿ ಮುಂದೆ ಹೋಗಿ.

ಡಬ್ಬಿಯಲ್ಲಿ ಏನೇನು

ಹಾಲಿನ ಪೊಟ್ಟಣ ಬಿಟ್ಟರೆ ಎಲ್ಲವೂ ಒಂದು ಸಣ್ಣ ಸಾಬೂನು ಪೆಟ್ಟಿಗೆಯಲ್ಲಿ ಹಿಡಿಸುತ್ತದೆ. ತಂಡಕ್ಕೆ ಒಂದು ಡಬ್ಬಿ ಸಾಕು, ಆದರೆ ಅದು ಯಾರ ಚೀಲದಲ್ಲಿದೆ ಎಂದು ಎಲ್ಲರಿಗೂ ಗೊತ್ತಿರಬೇಕು.

ತಾತ್ಕಾಲಿಕ ಫಿಲ್ಲಿಂಗ್ ಎರಡು ಬಗೆ. ಕ್ಯಾವಿಟ್‌ನಂಥ ಕಲಸಿಟ್ಟ ಪೇಸ್ಟ್ ಜೊಲ್ಲಿನ ತೇವಕ್ಕೆ ತಾನೇ ಗಟ್ಟಿಯಾಗುತ್ತದೆ. ಅಭ್ಯಾಸವಿಲ್ಲದವರಿಗೆ ಇದೇ ಸುಲಭ. ಇನ್ನೊಂದು ಸತುವಿನ ಪುಡಿ, ಅಂದರೆ ಜಿಂಕ್ ಆಕ್ಸೈಡ್, 10 ಗ್ರಾಂ, ಲವಂಗದೆಣ್ಣೆ 5 ಮಿಲಿ. ಇದು ನೋವನ್ನೂ ಶಮನ ಮಾಡುತ್ತದೆ, ಬೇಗ ಕೆಡುವುದಿಲ್ಲ, ಅಗ್ಗ. ದಂತ ಚಿಕಿತ್ಸೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ, ಇಲ್ಲವೇ ನಿಮ್ಮ ದಂತವೈದ್ಯರನ್ನೇ ಕೇಳಿ. ಲವಂಗದೆಣ್ಣೆ ಗಾಜಿನ ಸೀಸೆಯಲ್ಲೇ ಇರಲಿ, ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಅದು ಕರಗಿಸುತ್ತದೆ.

ಜೊತೆಗೆ ಹಲ್ಲು ನೋಡುವ ಚಿಕ್ಕ ಕನ್ನಡಿ, ಚಿಮುಟ, ಹತ್ತಿ, ಗಾಜ್ ಬಟ್ಟೆಯ ಹತ್ತು ತುಂಡು, ಕೈಗವಸು ಎರಡು ಜೊತೆ, ಸೂಜಿಯಿಲ್ಲದ 10 ಮಿಲಿ ಸಿರಿಂಜ್, ಐಸ್‌ಕ್ರೀಂ ಕಡ್ಡಿ ಎರಡು, ಫ್ಲಾಸ್ ದಾರ, ಹಲ್ಲಿಗೆ ಕ್ಲಿಪ್ ಹಾಕಿದವರು ಬಳಸುವ ಮೇಣ, ಕೃತಕ ದಂತಪಂಕ್ತಿ ಅಂಟಿಸುವ ಪೇಸ್ಟಿನ ಸಣ್ಣ ಟ್ಯೂಬ್, ಪುಡಿ ಉಪ್ಪು 50 ಗ್ರಾಂ, 200 ಮಿಲಿಯ ಟೆಟ್ರಾ ಪ್ಯಾಕ್ ಹಾಲು. ಹಾಲು ಏಕೆ ಎಂದು ಮುಂದೆ ಹೇಳಿದೆ. ತಲೆಗೆ ಕಟ್ಟುವ ಟಾರ್ಚ್ ಹೇಗೂ ಇರುತ್ತದೆ.

ಮಾತ್ರೆಗಳಲ್ಲಿ ಐಬುಪ್ರೊಫೇನ್ 400 ಮಿ.ಗ್ರಾಂ, ಪ್ಯಾರಾಸಿಟಮಾಲ್ 650 ಮಿ.ಗ್ರಾಂ. ದೊಡ್ಡವರಿಗೆ ಎರಡನ್ನೂ ಒಟ್ಟಿಗೆ ಕೊಡುವುದು ಒಂದೊಂದನ್ನೇ ಕೊಡುವುದಕ್ಕಿಂತ ಹಲ್ಲುನೋವಿಗೆ ಹೆಚ್ಚು ಕೆಲಸ ಮಾಡುತ್ತದೆ. ಐಬುಪ್ರೊಫೇನ್ ಊಟದ ಮೇಲೆ, ದಿನಕ್ಕೆ ಮೂರು ಮೀರಬಾರದು. ಪ್ಯಾರಾಸಿಟಮಾಲ್ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಮೀರಬಾರದು. ಕಾಂಬಿಫ್ಲಾಮ್‌ನಲ್ಲಿ ಎರಡೂ ಸೇರಿಯೇ ಇರುತ್ತವೆ, ಅದನ್ನು ನುಂಗಿದವರು ಮೇಲೆ ಮತ್ತೆ ಬೇರೆ ನುಂಗುವಾಗ ಇದನ್ನೂ ಲೆಕ್ಕಕ್ಕೆ ಸೇರಿಸಬೇಕು. ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ, ಉಬ್ಬಸ, ಬಸಿರು, ರಕ್ತ ತೆಳುವಾಗಿಸುವ ಮಾತ್ರೆ, ಇವುಗಳಲ್ಲಿ ಯಾವುದಿದ್ದರೂ ಐಬುಪ್ರೊಫೇನ್ ಬೇಡ. ಬೆವರಿ ನೀರು ಕುಡಿಯದೆ ಒಣಗಿದವರಿಗೂ ಅದು ಮೂತ್ರಪಿಂಡಕ್ಕೆ ಕೆಟ್ಟದ್ದು, ಮೊದಲು ನೀರು ಕುಡಿಸಿ. ಮಳೆಗಾಲದಲ್ಲಿ ಜ್ವರ, ಮೈಕೈ ನೋವೂ ಸೇರಿಕೊಂಡಿದ್ದರೆ ಡೆಂಗಿ ಇರಬಹುದಾದ್ದರಿಂದ ಪ್ಯಾರಾಸಿಟಮಾಲ್ ಮಾತ್ರ ಸಾಕು.

ಆಂಟಿಬಯೋಟಿಕ್ ಬಗ್ಗೆ ಸ್ಪಷ್ಟವಾಗಿರಲಿ. ಕೇರಳದಲ್ಲಿ ಚೀಟಿಯಿಲ್ಲದೆ ಅದನ್ನು ಮಾರುವುದರ ಮೇಲೆ 2024ರಿಂದ ಬಿಗಿ ಕ್ರಮ ನಡೆಯುತ್ತಿದೆ, ಅದು ಸರಿಯೂ ಹೌದು. ವಾರಗಟ್ಟಲೆ ದೂರ ಇರುವವರು ದಂತವೈದ್ಯರಿಂದಲೇ ಚೀಟಿ ಬರೆಸಿ, ಯಾವ ಲಕ್ಷಣಕ್ಕೆ ಶುರು ಮಾಡಬೇಕು, ಎಷ್ಟು ದಿನ ಎಂದು ಬರೆಸಿಕೊಂಡು ಒಯ್ಯಬೇಕು. ಸಾಮಾನ್ಯವಾಗಿ ಬರೆಯುವುದು ಅಮಾಕ್ಸಿಸಿಲಿನ್ 500 ಮಿ.ಗ್ರಾಂ, ದಿನಕ್ಕೆ ಮೂರು ಸಲ. ಪೆನಿಸಿಲಿನ್ ಅಲರ್ಜಿ ಇರುವವರಿಗೆ ಬೇರೆ. ಬರಿಯ ನೋವಿಗೆ, ತಣ್ಣೀರಿನ ಜುಮ್ಮಿಗೆ ಇದರಿಂದ ಉಪಯೋಗವಿಲ್ಲ. ಊತ, ಜ್ವರ ಇದ್ದಾಗ ಮಾತ್ರ, ಅದೂ ಇಳಿಯುವ ದಾರಿಯಲ್ಲಿ ಹೊತ್ತು ಗಳಿಸಲು.

ದಿನವೂ ಹಾದಿಯಲ್ಲಿ

ಬೆಳಿಗ್ಗೆಯ ಬ್ರಶ್ ತಪ್ಪಿದರೂ ರಾತ್ರಿಯದ್ದು ತಪ್ಪಬಾರದು, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಬಾಯಿಯ ಕಾವಲು ಹೋಗುತ್ತದೆ. ಫ್ಲೋರೈಡ್ ಇರುವ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಬಾಯಿ ತೊಳೆಯಲು ಕುಡಿಯುವ ನೀರನ್ನೇ ಬಳಸಿ. ತೋಡಿನ ನೀರು ತಿಳಿಯಾಗಿದೆ ಎಂದು ಬಾಯಿಗೆ ಹಾಕಬಾರದು. ನಮ್ಮ ಜಿಲ್ಲೆಗೆ ಚೆನ್ನಾಗಿ ಪರಿಚಯವಿರುವ ಇಲಿಜ್ವರದ ರೋಗಾಣು ಬಾಯಿಯ ಗಾಯದ ಮೂಲಕವೂ ಒಳಗೆ ಹೋಗಬಲ್ಲದು. ಉಗುಳುವುದು ನೀರಿನಿಂದ 60 ಮೀಟರ್ ದೂರದಲ್ಲಿ, ಒಂದೇ ಕಡೆ ಸುರಿಯದೆ ಚಿಮ್ಮಿಸಿ.

ಮಾವಿನೆಲೆಯಲ್ಲಿ, ಉಮಿಕರಿಯಲ್ಲಿ ಹಲ್ಲು ತಿಕ್ಕಿದ ಹಿರಿಯರು ಇನ್ನೂ ಇದ್ದಾರೆ. ಮಾವಿನೆಲೆಗೆ ತಕರಾರಿಲ್ಲ. ಉಮಿಕರಿ ಹಲ್ಲಿನ ಹೊಳಪು ಪದರವನ್ನು ಸವೆಸುತ್ತದೆ. ಕಾಡಿನಲ್ಲಿ ಕಂಡ ಕಡ್ಡಿ ಮುರಿದು ಬಾಯಿಗೆ ಇಡುವುದನ್ನು ಮಾತ್ರ ಯಾರೂ ಮಾಡಬಾರದು: ಸೊನೆ ತಾಗಿದರೆ ಮೈಯಲ್ಲಿ ಬೊಕ್ಕೆ ಏಳಿಸುವ ಚೇರೆಯಂಥ ಮರಗಳು ನಮ್ಮ ಘಟ್ಟದಲ್ಲಿವೆ.

ಬುತ್ತಿಯ ವಿಷಯಕ್ಕೆ ಬಂದರೆ, ಚಾರಣಿಗರ ಇಷ್ಟದ ತಿಂಡಿಗಳೇ ಹಲ್ಲಿನ ಶತ್ರುಗಳು. ಕಡಲೆ ಚಿಕ್ಕಿ, ಮಾಂಬಳ, ಅಂಟುಬೆಲ್ಲ ಹಳೆಯ ಫಿಲ್ಲಿಂಗನ್ನೂ ಕ್ಯಾಪನ್ನೂ ಎಳೆದು ತರುತ್ತವೆ. ಚಕ್ಕುಲಿ, ಹುರಿಗಡಲೆಯ ನಡುವಿನ ಕಲ್ಲುಕಾಳು, ದಪ್ಪ ಹೆಚ್ಚಿದ ನೇಂದ್ರ ಚಿಪ್ಸ್ ಹಲ್ಲನ್ನು ಒಡೆಯುತ್ತವೆ. ಎಲ್ಲ ಬಿಡಿ ಎಂದಲ್ಲ. ದೊಡ್ಡ ಫಿಲ್ಲಿಂಗ್ ಇರುವ ಬದಿಯಲ್ಲಿ ಅಗಿಯಬೇಡಿ, ಚಿಕ್ಕಿಯನ್ನು ಕೈಯಲ್ಲಿ ಮುರಿದು ಸಣ್ಣ ಚೂರು ಮಾಡಿ. ಓಆರ್‌ಎಸ್, ಗ್ಲೂಕೋಸ್ ನೀರು, ಪುನರ್ಪುಳಿ ಶರಬತ್ತನ್ನು ಇಡೀ ದಿನ ಗುಟುಕು ಗುಟುಕಾಗಿ ಹೀರಿದರೆ ಹಲ್ಲು ಸಕ್ಕರೆ ಹುಳಿಯಲ್ಲೇ ನೆನೆಯುತ್ತಿರುತ್ತದೆ. ಒಮ್ಮೆಗೆ ಕುಡಿದು ಬರಿನೀರಿನಲ್ಲಿ ಮುಕ್ಕಳಿಸಿ. ಪುಳಿ ಕುಡಿದ ಅರ್ಧ ಗಂಟೆ ಬ್ರಶ್ ಬೇಡ, ಆಗ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ.

ಎದ್ದ ನೋವು ಯಾವುದು

ಔಷಧ ತೆಗೆಯುವ ಮೊದಲು ಐದು ನಿಮಿಷ ಪರೀಕ್ಷೆಗೆ ಕೊಡಿ. ತಣ್ಣೀರು ತಾಗಿದಾಗ ಚುಳುಕ್ಕೆಂದು ಕೆಲವೇ ಸೆಕೆಂಡಿನಲ್ಲಿ ನಿಂತರೆ ಹಲ್ಲಿನ ನರ ಇನ್ನೂ ಚೇತರಿಸಿಕೊಳ್ಳಬಲ್ಲದು. ತೂತನ್ನು ಮುಚ್ಚಿ, ನಡಿಗೆ ಮುಂದುವರಿಸಬಹುದು. ಅರ್ಧ ನಿಮಿಷ ದಾಟಿಯೂ ಉಳಿದರೆ, ಬಿಸಿ ಚಹಾಕ್ಕೆ ಜಾಸ್ತಿಯಾದರೆ, ಏನೂ ತಾಗದೆ ರಾತ್ರಿ ತಾನಾಗಿಯೇ ಎಬ್ಬಿಸಿದರೆ ನರ ಸಾಯುತ್ತಿದೆ. ಅದಕ್ಕೆ ರೂಟ್ ಕೆನಾಲ್ ಅಥವಾ ಕೀಳುವುದೇ ಮದ್ದು. ಮಾತ್ರೆ, ಲವಂಗದೆಣ್ಣೆಯಲ್ಲಿ ಒಂದೆರಡು ದಿನ ತಳ್ಳಬಹುದು, ಅಷ್ಟರಲ್ಲಿ ಪೇಟೆ ಸಿಗುವ ಹಾಗೆ ದಾರಿ ಬದಲಿಸಿ. ಹಲ್ಲು ಎತ್ತರವಾದಂತೆ ಅನಿಸಿ, ಕಚ್ಚಿದರೆ, ಬೆರಳಲ್ಲಿ ಕುಟ್ಟಿದರೆ ನೊಂದರೆ ಕೀವು ಬೇರಿನ ತುದಿ ತಲುಪಿದೆ. ಇದು ಮೂರರಲ್ಲಿ ಹೆಚ್ಚು ಅವಸರದ್ದು.

ಶೀತ ಆದವರಿಗೆ ಮೇಲಿನ ದವಡೆಯ ಮೂರು ನಾಲ್ಕು ಹಲ್ಲು ಒಟ್ಟಿಗೆ ನೋಯುತ್ತಿದ್ದು, ಬೂಟಿನ ದಾರ ಕಟ್ಟಲು ಬಗ್ಗಿದಾಗ ಜಾಸ್ತಿಯಾದರೆ ಅದು ಹಲ್ಲಿನದ್ದಲ್ಲ. ಮೇಲಿನ ದವಡೆ ಹಲ್ಲಿನ ಬೇರುಗಳ ಮೇಲೇ ಸೈನಸ್ ಗೂಡು ಇರುವುದರಿಂದ ಹಾಗಾಗುತ್ತದೆ. ಬಿಸಿನೀರಿನ ಹಬೆ, ಪ್ಯಾರಾಸಿಟಮಾಲ್ ಸಾಕು. ಇನ್ನೂ ಸರಳವಾದದ್ದು, ಹಲ್ಲಿನ ಸಂದಿಗೆ ಸಿಕ್ಕಿದ ಮಾಂಸದ ನಾರು ಅಥವಾ ಜೋಳದ ಸಿಪ್ಪೆ. ಮೊದಲು ಫ್ಲಾಸ್ ಹಾಕಿ, ಸಿರಿಂಜಿನಲ್ಲಿ ಬೆಚ್ಚಗಿನ ನೀರು ಹಾಯಿಸಿ ನೋಡಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಉಪ್ಪುನೀರು ಎಂದರೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಒಂದು ನಿಮಿಷ ನೋವಿನ ಬದಿಯಲ್ಲಿ ಹಿಡಿದು ಉಗುಳುವುದು, ದಿನಕ್ಕೆ ನಾಲ್ಕೈದು ಸಲ. ಲವಂಗದೆಣ್ಣೆಯನ್ನು ಜೋಳದ ಕಾಳಿಗಿಂತ ಚಿಕ್ಕ ಹತ್ತಿಯುಂಡೆಗೆ ಒಂದು ಹನಿ ಹಾಕಿ, ಹಿಂಡಿ, ತೂತಿನೊಳಗೆ ಮಾತ್ರ ಇಡಬೇಕು. ವಸಡಿಗೆ, ನಾಲಿಗೆಗೆ ತಾಗಿದರೆ ಸುಡುತ್ತದೆ. ಮಕ್ಕಳಿಗೆ ಬೇಡ. ಎಣ್ಣೆ ಇಲ್ಲದಿದ್ದರೆ ಒಂದು ಲವಂಗವನ್ನು ನೋವಿನ ಹಲ್ಲಿನ ಪಕ್ಕ ಇಟ್ಟು ಮೆಲ್ಲಗೆ ಮೆದುವಾಗಲು ಬಿಡಿ.

ಹೊಗೆಸೊಪ್ಪು ತುರುಕುವುದು, ಸುಣ್ಣ ಹಚ್ಚುವುದು, ಗೇರುಬೀಜದ ಸಿಪ್ಪೆಯ ಎಣ್ಣೆ ಬಿಡುವುದು, ಆಸ್ಪಿರಿನ್ ಮಾತ್ರೆ ವಸಡಿನ ಮೇಲೆ ಇಡುವುದು, ಇವೆಲ್ಲ ನೋವಿನ ಮೇಲೆ ಸುಟ್ಟ ಗಾಯವನ್ನೂ ಕೊಡುತ್ತವೆ.

ಫಿಲ್ಲಿಂಗ್ ಬಿದ್ದರೆ

ಕೈ ತೊಳೆದು ಗವಸು ಹಾಕಿ. ರೋಗಿಯನ್ನು ಮರಕ್ಕೆ ಒರಗಿಸಿ ಕೂರಿಸಿ, ಟಾರ್ಚು ಬಾಯಿಗೆ ಬೀಳಲಿ. ಸಿರಿಂಜಿನಲ್ಲಿ ತೂತನ್ನು ತೊಳೆಯಿರಿ, ಕಡ್ಡಿಯ ತುದಿಯಲ್ಲಿ ಸಿಕ್ಕಿದ ಕಸ ಮಾತ್ರ ತೆಗೆಯಿರಿ. ತಳವನ್ನು ಕೆರೆಯಬೇಡಿ, ನರ ಅಲ್ಲೇ ಇರಬಹುದು. ಕೆನ್ನೆ ಮತ್ತು ನಾಲಿಗೆಯ ಕಡೆ ಗಾಜ್ ಬಟ್ಟೆಯ ಎರಡು ತುಂಡು ಇಟ್ಟು ಜೊಲ್ಲು ತಡೆಯಿರಿ. ಹತ್ತಿಯಲ್ಲಿ ತೂತನ್ನು ಒತ್ತಿ ಒಣಗಿಸಿ.

ಪುಡಿಯಲ್ಲಿ ಮಾಡುವವರು ಎರಡು ಹನಿ ಎಣ್ಣೆಗೆ ಸ್ವಲ್ಪ ಸ್ವಲ್ಪವೇ ಪುಡಿ ಸೇರಿಸಿ ಕಡ್ಡಿಯಲ್ಲಿ ತಿಕ್ಕುತ್ತ ಹೋಗಬೇಕು. ನೋಡಿದವರಿಗೆ ಇಷ್ಟು ಪುಡಿ ಹಿಡಿಸುತ್ತದೆಯೇ ಎನಿಸುವಷ್ಟು ಹಿಡಿಸುತ್ತದೆ. ಚಪಾತಿ ಹಿಟ್ಟಿನ ಹದಕ್ಕೆ ಬಂದು, ಉಂಡೆ ಕಟ್ಟಿದರೆ ಬೆರಳಿಗೆ ಅಂಟದಂತಿರಬೇಕು. ಎಲ್ಲರೂ ತಪ್ಪುವುದು ಇಲ್ಲೇ: ತೆಳುವಾಗಿ ಕಲಸಿದರೆ ಗಟ್ಟಿಯಾಗದೆ ಊಟದ ಮೊದಲೇ ಕರಗಿಹೋಗುತ್ತದೆ. ಉಂಡೆಯನ್ನು ತೂತಿಗೆ ಒತ್ತಿ, ತೇವ ಮಾಡಿದ ಹತ್ತಿಯಿಂದ ಅಂಚು ಸಮ ಮಾಡಿ, ಮೆಲ್ಲಗೆ ಕಚ್ಚಿಸಿ, ಎತ್ತರ ಎನಿಸಿದ ಭಾಗವನ್ನು ಕೆರೆದು ತೆಗೆಯಿರಿ. ಎತ್ತರ ಉಳಿದರೆ ಆ ಹಲ್ಲೇ ಎಲ್ಲ ಭಾರ ಹೊತ್ತು ಮರುದಿನ ನೋವು ಹೆಚ್ಚುತ್ತದೆ. ಒಂದೆರಡು ಗಂಟೆ ಆ ಬದಿಯಲ್ಲಿ ಅಗಿಯಬಾರದು. ಹೊರಡುವ ಮೊದಲು ಮನೆಯಲ್ಲಿ ಎರಡು ಸಲ ಕಲಸಿ ಅಭ್ಯಾಸ ಮಾಡಿಕೊಂಡವರಿಗೆ ಬೆಟ್ಟದ ಮೇಲೆ ಕೈ ನಡುಗುವುದಿಲ್ಲ.

ಕೀವಿನ ಊತ ಇರುವ ಹಲ್ಲಿನ ತೂತನ್ನು ಮಾತ್ರ ಮುಚ್ಚಬೇಡಿ. ಕೀವಿಗೆ ಹೊರದಾರಿ ಅದೊಂದೇ ಇರಬಹುದು.

ಕ್ಯಾಪ್ ಕಳಚಿದರೆ ಎಸೆಯಬೇಡಿ. ಒಳಗಿನ ಹಳೆಯ ಸಿಮೆಂಟನ್ನು ಕೆರೆದು, ತೊಳೆದು, ಮೊದಲು ಒಣಗಿದ್ದನ್ನೇ ಕೂರಿಸಿ ಯಾವ ಕಡೆ ಸರಿ ಹೊಂದುತ್ತದೆ ನೋಡಿ. ಮತ್ತೆ ದಂತಪಂಕ್ತಿಯ ಪೇಸ್ಟ್ ಅಥವಾ ತುಸು ತೆಳುವಾಗಿ ಕಲಸಿದ ಸತುವಿನ ಪುಡಿಯನ್ನು ಒಳಗೆ ಸವರಿ, ಕೂರಿಸಿ, ಬಟ್ಟೆ ಕಚ್ಚಿಸಿ. ಫೆವಿಕ್ವಿಕ್ ಹಾಕಬಾರದು, ಅದು ಹಲ್ಲಿನ ಜೀವಂತ ಭಾಗವನ್ನೂ ವಸಡನ್ನೂ ಸುಡುತ್ತದೆ, ವೈದ್ಯರಿಗೆ ತೆಗೆಯಲೂ ಕಷ್ಟ. ಸಡಿಲ ಉಳಿದ ಕ್ಯಾಪನ್ನು ಮಲಗುವಾಗ ತೆಗೆದಿಡಿ. ನಿದ್ದೆಯಲ್ಲಿ ಶ್ವಾಸನಾಳಕ್ಕೆ ಇಳಿದರೆ ಹಲ್ಲಿನ ತೊಂದರೆ ಪ್ರಾಣದ ತೊಂದರೆಯಾಗುತ್ತದೆ.

ಹಲ್ಲು ಉದುರಿ ಬಿದ್ದರೆ

ಮಳೆಗಾಲದ ಜಾರುಬಂಡೆಯಲ್ಲಿ ಮುಖ ಅಡಿಯಾಗಿ ಬಿದ್ದು ಮುಂದಿನ ಹಲ್ಲು ಬೇರು ಸಮೇತ ಕಳಚುವುದುಂಟು. ಮೊದಲು ತಲೆ ಮತ್ತು ಕುತ್ತಿಗೆ ನೋಡಿ. ಪ್ರಜ್ಞೆ ತಪ್ಪಿದ್ದರೆ, ವಾಂತಿಯಾದರೆ, ಬಾಯಿ ಮುಚ್ಚಿದಾಗ ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ ಹಲ್ಲಿನ ಯೋಚನೆ ಆಮೇಲೆ. ಅದೇನೂ ಇಲ್ಲದಿದ್ದರೆ ಗಡಿಯಾರ ನೋಡಿಕೊಂಡು ಹಲ್ಲು ಹುಡುಕಿ. ಬೇರಿನ ಮೇಲಿನ ಜೀವಕೋಶಗಳು ಒಣಗಿದರೆ ಸುಮಾರು ಒಂದು ಗಂಟೆಯಲ್ಲಿ ಸತ್ತುಹೋಗುತ್ತವೆ. ಮೊದಲ ಕೆಲವು ನಿಮಿಷಗಳೇ ಎಲ್ಲಕ್ಕಿಂತ ಬೆಲೆಯುಳ್ಳವು.

ಹೊಳಪಿನ ಭಾಗವನ್ನೇ ಹಿಡಿಯಿರಿ, ಬೇರನ್ನು ಮುಟ್ಟಬೇಡಿ. ಮಣ್ಣು ತಾಗಿದ್ದರೆ ಹಾಲಿನಲ್ಲೋ ಶುದ್ಧ ನೀರಿನಲ್ಲೋ ಹತ್ತು ಸೆಕೆಂಡಿನಷ್ಟು ತೊಳೆಯಿರಿ. ಉಜ್ಜಬಾರದು, ಒರೆಸಬಾರದು, ಸಾಬೂನು ಬೇಡ. ಪಕ್ಕದ ಹಲ್ಲನ್ನು ನೋಡಿಕೊಂಡು ಮುಂದಿನ ಹಿಂದಿನ ಮುಖ ಸರಿ ಮಾಡಿ ಗುಳಿಗೆ ನಿಧಾನ ಒತ್ತಿ. ಗುಳಿಯಲ್ಲಿ ರಕ್ತ ಗಟ್ಟಿಯಾಗಿದ್ದರೆ ಸಿರಿಂಜಿನಲ್ಲಿ ಉಪ್ಪುನೀರು ಹಾಯಿಸಿ. ಇದಕ್ಕೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದೂವರೆ ಚಹಾ ಚಮಚ ಉಪ್ಪಿನ ಹದ. ಕೂತ ಮೇಲೆ ಮಡಚಿದ ಬಟ್ಟೆ ಕಚ್ಚಿಸಿ, ಕ್ಲಿಪ್ಪಿನ ಮೇಣವನ್ನು ಆ ಹಲ್ಲು ಮತ್ತು ಅಕ್ಕಪಕ್ಕದ ಎರಡರ ಮೇಲೆ ಒತ್ತಿ ಹಿಡಿಸಿ. ಗಂಜಿ ಮಾತ್ರ ಊಟ. ಬೆಳ್ತಿಗೆ ಅಕ್ಕಿ ಇದ್ದರೆ ಬೇಗ ಬೇಯುತ್ತದೆ.

ಕೂರಿಸಲು ಧೈರ್ಯ ಬಾರದಿದ್ದರೆ, ಅಥವಾ ರೋಗಿ ಒಪ್ಪದಿದ್ದರೆ ಹಲ್ಲನ್ನು ಹಾಲಿನಲ್ಲಿ ಮುಳುಗಿಸಿ ಒಯ್ಯಿರಿ. ಟೆಟ್ರಾ ಪ್ಯಾಕ್ ಇದಕ್ಕಾಗಿ. ಹಾಲಿಲ್ಲವಾದರೆ ಲೋಟಕ್ಕೆ ರೋಗಿಯದೇ ಜೊಲ್ಲು ಉಗುಳಿಸಿ ಅದರಲ್ಲಿ. ಬರಿನೀರಿನಲ್ಲಿ ಇಟ್ಟರೆ ಜೀವಕೋಶಗಳು ಒಡೆಯುತ್ತವೆ. ಬೊಂಡದ ನೀರು ಆಗುತ್ತದೆಯೇ ಎಂದು ನಮ್ಮ ಕಡೆಯವರು ಕೇಳುತ್ತಾರೆ: ಅದು ತುಸು ಆಮ್ಲೀಯ, ಹಾಲು ಸಿಗುವಾಗ ಹಾಲೇ ಸರಿ. ಮಕ್ಕಳ ಹಾಲುಹಲ್ಲು ಬಿದ್ದರೆ ಮತ್ತೆ ಕೂರಿಸಬಾರದು, ಕೆಳಗಿರುವ ಕಾಯಂ ಹಲ್ಲಿನ ಮೊಳಕೆಗೆ ಪೆಟ್ಟಾಗುತ್ತದೆ. ಮಣ್ಣಿಗೆ ಬಿದ್ದ ಹಲ್ಲು, ಸೀಳಿದ ತುಟಿ ಎಂದರೆ ಟಿಟಿ ಸೂಜಿ ಐದು ವರ್ಷದೊಳಗೆ ಆಗಿದೆಯೇ ಎಂದೂ ವಿಚಾರಿಸಿ.

ಹಲ್ಲು ಮುರಿದು ನಡುವೆ ಕೆಂಪು ಚುಕ್ಕೆ ಕಂಡರೆ ನರ ತೆರೆದಿದೆ, ತಾತ್ಕಾಲಿಕ ಫಿಲ್ಲಿಂಗಿನಿಂದ ಮುಚ್ಚಿ ಒಂದೆರಡು ದಿನದಲ್ಲಿ ವೈದ್ಯರನ್ನು ಕಾಣಬೇಕು. ಚುಕ್ಕೆ ಇಲ್ಲದಿದ್ದರೆ ಚೂಪು ಅಂಚಿಗೆ ಮೇಣ ಸಾಕು. ಗುಳಿಯಿಂದ ರಕ್ತ ನಿಲ್ಲದಿದ್ದರೆ ಒದ್ದೆ ಗಾಜ್ ಬಟ್ಟೆ ಮಡಚಿ ಅರ್ಧ ಗಂಟೆ ಬಿಗಿಯಾಗಿ ಕಚ್ಚಿಸಿ. ನಡುನಡುವೆ ತೆಗೆದು ನೋಡಿದರೆ ಗಡ್ಡೆ ಕಳಚುತ್ತದೆ. ಬಿಸಿನೀರಲ್ಲಿ ನೆನೆಸಿ ಆರಿಸಿದ ಚಹಾ ಚೀಲವೂ ಆಗುತ್ತದೆ, ಅದರ ಒಗರು ರಕ್ತ ಹೆಪ್ಪುಗಟ್ಟಿಸುತ್ತದೆ.

ಇಳಿಯಲೇಬೇಕಾದ ಹೊತ್ತು

ವಸಡಿನಲ್ಲೇ ನಿಂತ ಚಿಕ್ಕ ಊತಕ್ಕೆ ಉಪ್ಪುನೀರು, ಮಾತ್ರೆ ಕೊಟ್ಟು ಮರುದಿನ ಇಳಿಯಬಹುದು. ಊತ ದವಡೆಯ ಕೆಳಗೆ, ಕುತ್ತಿಗೆಗೆ, ಕಣ್ಣಿನ ಕಡೆಗೆ ಹರಡಿದರೆ ಆ ಗಳಿಗೆಯಲ್ಲೇ ಹೊರಡಿ. ಬಾಯಿ ಎರಡು ಬೆರಳಷ್ಟೂ ತೆರೆಯದಿರುವುದು, ನಾಲಿಗೆಯ ಅಡಿ ಎದ್ದು ನಾಲಿಗೆ ಮೇಲೆ ಬಂದಂತಿರುವುದು, ಜೊಲ್ಲು ನುಂಗಲಾಗದೆ ಸೋರುವುದು, ಮಾತು ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡಂತೆ ಕೇಳುವುದು, ನಡುಕದ ಜ್ವರ, ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬಾರದು. ಈ ಸೋಂಕು ಗಂಟೆಗಳಲ್ಲಿ ಉಸಿರಿನ ದಾರಿ ಮುಚ್ಚಬಲ್ಲದು. ಅಂಗಾತ ಮಲಗಿಸಬೇಡಿ, ಕೂರಿಸಿ ಮುಂದಕ್ಕೆ ಬಾಗಿಸಿ. ಹೊರಗಿನಿಂದ ಬಿಸಿ ಶಾಖ ಕೊಡಬೇಡಿ, ಚಾಕು ಬ್ಲೇಡು ಹಾಕಿ ಕೀವು ತೆಗೆಯಲು ಹೋಗಬೇಡಿ. ಇಂಥವರಿಗೆ ಬೇಕಾದದ್ದು ದಂತ ಕ್ಲಿನಿಕ್ ಅಲ್ಲ, ದೊಡ್ಡ ಆಸ್ಪತ್ರೆ. ನೆಟ್‌ವರ್ಕ್ ಸಿಕ್ಕಿದ ಕೂಡಲೇ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ವಾಹನ ಬರಬಲ್ಲ ಕೊನೆಯ ಜಾಗದ ಹೆಸರನ್ನು ಮೊದಲೇ ಸಿದ್ಧವಾಗಿಟ್ಟುಕೊಂಡಿರಿ.

ತೆಂಕಣ ಕಾಡುಗಳಲ್ಲಿ ದಾರಿ ತೋರಿಸುವವರು ಮಲಯಾಳ ಮಾತನಾಡುವವರು. ನಮ್ಮ ಗಡಿಯವರಿಗೆ ಭಾಷೆ ಬರುತ್ತದೆ, ಪುತ್ತೂರು ಸುಳ್ಯದ ಕಡೆಯಿಂದ ಬಂದ ಜೊತೆಗಾರರಿಗೆ ಬರುವುದಿಲ್ಲ. ಹಲ್ಲುನೋವಿಗೆ 'ಪಲ್ಲುವೇದನ', ವಸಡಿಗೆ 'ಮೋಣ', ಊತಕ್ಕೆ 'ನೀರ್' ಎಂದು ಡಬ್ಬಿಯ ಮುಚ್ಚಳದ ಒಳಗೆ ಬರೆದು ಅಂಟಿಸಿ. ಪಕ್ಕದಲ್ಲೇ ಯಾರಿಗೆ ಯಾವ ಮಾತ್ರೆ ಆಗುವುದಿಲ್ಲ ಎನ್ನುವುದೂ ಇರಲಿ.

ಊರಿಗೆ ಬಂದ ಮೇಲೆ

ತಾತ್ಕಾಲಿಕ ಫಿಲ್ಲಿಂಗ್ ಹಾಕಿದ ಹಲ್ಲು ನೋಯದಿದ್ದರೂ ಎರಡು ವಾರದೊಳಗೆ ತೋರಿಸಿ. ನೋವು ನಿಂತದ್ದು ಗುಣವಾಗಿಯೂ ಇರಬಹುದು, ನರ ಸತ್ತೂ ಇರಬಹುದು. ಎರಡನೆಯದಾದರೆ ಮುಂದಿನ ಸುದ್ದಿ ಊತದ ಮೂಲಕವೇ ಬರುತ್ತದೆ. ಉದುರಿ ಮತ್ತೆ ಕೂತ ಹಲ್ಲನ್ನು ವೈದ್ಯರು ಪಕ್ಕದ ಹಲ್ಲುಗಳಿಗೆ ತಂತಿಯಲ್ಲಿ ಸುಮಾರು ಎರಡು ವಾರ ಕಟ್ಟಿಡುತ್ತಾರೆ, ದೊಡ್ಡವರಿಗೆ ಆ ಎರಡು ವಾರದೊಳಗೇ ರೂಟ್ ಕೆನಾಲ್ ಶುರುವಾಗಬೇಕು. ಬಿದ್ದ ಗಂಟೆ, ಎಷ್ಟು ನಿಮಿಷ ಒಣಗಿತ್ತು, ಯಾವುದರಲ್ಲಿ ಇಟ್ಟಿರಿ, ಯಾವ ಮಾತ್ರೆ ಎಷ್ಟು ನುಂಗಿದಿರಿ ಎಂದು ಹಾದಿಯಲ್ಲೇ ಬರೆದ ಚೀಟಿಯನ್ನು ಅವರ ಕೈಗೆ ಕೊಡಿ. ಡಬ್ಬಿಯಲ್ಲಿ ತಾತ್ಕಾಲಿಕ ಫಿಲ್ಲಿಂಗಿನ ಕ್ಯಾವಿಟ್ ಪೇಸ್ಟಿನ ಟ್ಯೂಬನ್ನು ಒಮ್ಮೆ ತೆರೆದಿದ್ದರೆ ಮುಂದಿನ ಮಳೆಗಾಲಕ್ಕೆ ಇಡಬೇಡಿ, ಗಾಳಿಯ ತೇವಕ್ಕೇ ಅದು ಟ್ಯೂಬಿನೊಳಗೆ ಗಟ್ಟಿಯಾಗಿರುತ್ತದೆ.